ಯಾರು ಯಾರಿಗೆ ಹಾಡುತ್ತಿದ್ದಾರೆ? ಜಪಾನಿನ ಬೀಳ್ಕೊಡುಗೆ ಹಾಡುಗಳ ಬಗ್ಗೆ ಒಂದಿಷ್ಟು ಮಾತು

ಎಲ್ಲರಿಗೂ ನಮಸ್ಕಾರ.

ನನಗೆ 40 ನಿಮಿಷ ಕೊಟ್ಟಿದ್ದಾರೆ. ಒಂಬತ್ತು ಹಾಡುಗಳ ಪಟ್ಟಿ ಮಾಡಿಕೊಂಡು ಬಂದಿದ್ದೇನೆ. ಒಳಗೆ ಬರುವಾಗ ಬಾಗಿಲ ಹತ್ತಿರ ಸ್ಪೀಕರ್ ಜೋಡಿಸುತ್ತಿದ್ದ ಹುಡುಗರನ್ನು ಕೇಳಿದೆ, ಸಂಜೆ ನಿಮ್ಮ ಬೀಳ್ಕೊಡುಗೆಗೆ ಯಾವ ಹಾಡಪ್ಪಾ ಅಂತ. "ಪೆನ್‌ಡ್ರೈವ್‌ನಲ್ಲಿದೆ ಮೇಡಂ" ಅಂದರು. ಆ ಮಾತು ಕೇಳಿದ ಮೇಲೆ ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕಿಡಬೇಕು ಅನ್ನಿಸಿತು. ಬೀಳ್ಕೊಡುಗೆಯ ಹಾಡು ಹೊರಡುವವರ ಬಾಯಲ್ಲೇ ಇರಬೇಕು. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇದನ್ನೇ.

ನಾವು ಆರು ವರ್ಷ ಸೈತಾಮಾದಲ್ಲಿದ್ದೆವು. ಟೋಕಿಯೋಗೆ ತಾಗಿಕೊಂಡೇ ಇರುವ ಪ್ರಾಂತ್ಯ, ನಿಮಗೆ ಗೊತ್ತು. ಮಗಳು ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದಳು. ಅಲ್ಲಿ ಶಾಲೆಯ ವರ್ಷ ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಆರನೇ ಕ್ಲಾಸಿನ ಕೊನೆಗೆ, ಫೆಬ್ರವರಿಯಲ್ಲಿ, ಮನೆಯಲ್ಲಿ ಒಂದೇ ಹಾಡು ಹಿಡಿದುಕೊಂಡಿತು. ಊಟಕ್ಕೆ ತಟ್ಟೆ ಇಡುವಾಗ ಹಾಡು, ಸ್ನಾನಕ್ಕೆ ಹೋದರೆ ಹಾಡು. ‘ತಾಬಿದಾಚಿ ನೊ ಹಿ ನಿ’, ಅಂದರೆ ಹೊರಡುವ ದಿನದಂದು. ಆ ಹಾಡು ನನಗೆ ಮೊದಲೇ ಗೊತ್ತಿತ್ತು. ಆದರೆ ಇವಳು ಹಾಡುತ್ತಿದ್ದ ರಾಗವೇ ಬೇರೆ. ಮೇಲೇರಬೇಕಾದ ಕಡೆ ಕೆಳಗೇ ನಿಂತುಬಿಡುತ್ತಿತ್ತು. ನಾನು ಚಿಕ್ಕಂದಿನಿಂದ ಸಂಗೀತ ಕಲಿತವಳು. ಸುಮ್ನಿರೋಕೆ ಆಗಲಿಲ್ಲ. "ಸ್ವರ ತಪ್ಪುತ್ತಿದೆ ಪುಟ್ಟಿ" ಅಂತ ದಿನಾ ತಿದ್ದುತ್ತಿದ್ದೆ. "ಇದು ಆಲ್ಟೋ ಅಮ್ಮಾ, ನಂದು ಹೀಗೇ" ಅನ್ನುತ್ತಿದ್ದಳು ಅವಳು.

ಆ ದಿನ ಬಂತು. ಮಾರ್ಚ್ ಅಂದರೂ ಶಾಲೆಯ ಜಿಮ್‌ನಲ್ಲಿ ಚಳಿ. ನಾವು ಮನೆಯಿಂದ ತಂದ ಚಪ್ಪಲಿ ಹಾಕಿಕೊಂಡು ಮಡಚುವ ಕುರ್ಚಿಗಳ ಮೇಲೆ ಕೂತಿದ್ದೆವು. ಗೋಡೆ ಉದ್ದಕ್ಕೂ ಕೆಂಪು ಬಿಳಿ ಪಟ್ಟೆಯ ಪರದೆ. ಒಬ್ಬೊಬ್ಬರ ಹೆಸರು ಕರೆದ ಹಾಗೆಲ್ಲ ಮಕ್ಕಳು "ಹಾಯ್!", ಅಂದರೆ ಹಾಜರ್, ಅಂತ ಗಟ್ಟಿಯಾಗಿ ಓಗೊಟ್ಟು, ಎರಡೂ ಕೈ ಚಾಚಿ ಪ್ರಮಾಣಪತ್ರ ತಗೊಂಡು, ಬಗ್ಗಿ ನಮಸ್ಕರಿಸಿ ಇಳಿದರು. ಆಮೇಲೆ ಎಲ್ಲರೂ ನಮ್ಮ ಕಡೆ ತಿರುಗಿ ನಿಂತರು. ಪಿಯಾನೋ ಶುರುವಾಯಿತು. ಒಂದು ಗುಂಪಿನ ದನಿ ಮೇಲೇರಿತು, ಅದರ ಕೆಳಗೆ ಇನ್ನೊಂದು ದನಿ, ಆ ಆಲ್ಟೋ, ಬಂದು ಕೂತಿತು. ಒಂದು ತಿಂಗಳು ಅಡುಗೆಮನೆಯಲ್ಲಿ ತಪ್ಪು ತಪ್ಪು ಅಂತ ನಾನು ತಿದ್ದಿದ್ದ ಅದೇ ಸ್ವರ. ಅದಿಲ್ಲದಿದ್ದರೆ ಮೇಲಿನ ರಾಗಕ್ಕೆ ನಿಲ್ಲಲು ನೆಲವೇ ಇರುತ್ತಿರಲಿಲ್ಲ. ಮಗಳ ಪಕ್ಕದ ಹುಡುಗಿಗೆ ಅಳು ತಡೆಯಲಾಗದೆ ಹಾಡು ನಿಂತುಹೋಯಿತು. ಇವಳು ಅವಳ ಕೈ ಹಿಡಿದುಕೊಂಡು ಇಬ್ಬರ ಪಾಲನ್ನೂ ಹಾಡಿದಳು. ನಮ್ಮಲ್ಲಿ ಎಲ್ಲರೂ ಸೇರಿ ಒಂದೇ ರಾಗ ಹಾಡುತ್ತೇವೆ, ಅದರ ಚೆಂದ ಬೇರೆ. ಒಬ್ಬಳೇ ಹಾಡಿದರೆ ಅರ್ಧವಾಗಿಯೇ ಉಳಿಯುವ ಹಾಡು ಅಂತ ಒಂದಿದೆ ಅನ್ನುವುದು ನನಗೆ ಅರ್ಥವಾದದ್ದು ಅವತ್ತು.

ಈ ಹಾಡು ಹುಟ್ಟಿದ್ದೂ ಸೈತಾಮಾದಲ್ಲೇ. ಚಿಚಿಬು ಅಂತ ಬೆಟ್ಟಗಳ ನಡುವಿನ ಊರು. ಅಲ್ಲಿನ ಕಾಗೆಮೊರಿ ಮಾಧ್ಯಮಿಕ ಶಾಲೆಯಲ್ಲಿ ಕೊಜಿಮಾ ನೊಬೊರು ಅಂತ ಮುಖ್ಯೋಪಾಧ್ಯಾಯರಿದ್ದರು. ಆಗ ಶಾಲೆಯಲ್ಲಿ ಶಿಸ್ತು ಕೆಟ್ಟುಹೋಗಿತ್ತು. ಹಾಡಿನಿಂದಲೇ ಇದನ್ನು ಸರಿಮಾಡೋಣ ಅಂತ ಅವರು ಹೊರಟರು. ಮೊದಮೊದಲು ಮಕ್ಕಳು ಬಾಯಿ ಬಿಡಲಿಲ್ಲ. ಸಂಗೀತದ ಟೀಚರ್ ಸಕಾಮೊತೊ ಹಿರೋಮಿ ಬಿಡದೆ ಹಾಡಿಸಿದರು. ಮೂರನೇ ವರ್ಷ, 1991ರ ಫೆಬ್ರವರಿ ಕೊನೆಗೆ, ಹೊರಡುವ ಮಕ್ಕಳಿಗೆ ಇನ್ನೆಲ್ಲೂ ಇಲ್ಲದ ಒಂದು ಹಾಡು ಕೊಡೋಣ, ಸಾಹಿತ್ಯ ನೀವು ಬರೆಯಿರಿ ಅಂತ ಅವರು ಮುಖ್ಯೋಪಾಧ್ಯಾಯರನ್ನು ಕೇಳಿದರು. ನನಗೆ ಅದೆಲ್ಲ ಬರೋದಿಲ್ಲ ಅಂದುಬಿಟ್ಟರು ಕೊಜಿಮಾ. ಮಾರನೇ ದಿನ ನೋಡಿದರೆ ಟೀಚರ್ ಮೇಜಿನ ಮೇಲೆ ಬರೆದ ಹಾಳೆ ಇದೆ! ಬಿಡುವಿನ ಪೀರಿಯಡ್‌ನಲ್ಲಿ ಟೀಚರ್ ಸಂಗೀತದ ಕೋಣೆಗೆ ಹೋಗಿ ಕೂತರು. ರಾಗ ಮೂಡಲು ಹಿಡಿದದ್ದು ಸುಮಾರು 15 ನಿಮಿಷ.

ಆಮೇಲೆ ಅದನ್ನು ಹಾಡಿದ್ದು ಯಾರು? ಮೇಷ್ಟ್ರುಗಳು. ಮಕ್ಕಳಿಗೆ ತಿಳಿಯದ ಹಾಗೆ ಅಭ್ಯಾಸ ಮಾಡಿ, ಬೀಳ್ಕೊಡುಗೆ ದಿನ ಸಾಲಾಗಿ ನಿಂತು ಮಕ್ಕಳಿಗೇ ಹಾಡಿದರು. ಅದೊಂದೇ ಸಲ ಅಂದುಕೊಂಡಿದ್ದರು. ಕೊಜಿಮಾ ಅವರೂ ಅದೇ ವರ್ಷ ನಿವೃತ್ತರಾದರು. ಆದರೆ ಮುಂದಿನ ವರ್ಷದಿಂದ ಮಕ್ಕಳೇ ಅದನ್ನು ಹಾಡತೊಡಗಿದರು, ಮೆಲ್ಲಗೆ ಬೇರೆ ಶಾಲೆಗಳಿಗೂ ಹೋಯಿತು, ಈಗ ಇಡೀ ದೇಶದ ಹಾಡು.

ಯಾರು ಯಾರಿಗೆ ಹಾಡುತ್ತಿದ್ದಾರೆ? ಈ ಪ್ರಶ್ನೆ ಹಿಡಿದುಕೊಂಡು ಹಳೆಯ ಹಾಡುಗಳ ಹತ್ತಿರ ಹೋಗೋಣ.

‘ಹೊತಾರು ನೊ ಹಿಕಾರಿ’, ಮಿಂಚುಹುಳದ ಬೆಳಕು. 1881ರ ಸರ್ಕಾರಿ ಪಠ್ಯದ ಹಾಡು. ಎಣ್ಣೆಗೆ ಕಾಸಿಲ್ಲದೆ ಮಿಂಚುಹುಳದ ಬೆಳಕಿನಲ್ಲಿ, ಹಿಮದ ಬೆಳಕಿನಲ್ಲಿ ಓದಿದ ಹಳೆಯ ಚೀನೀ ಕಥೆಗಳಿಂದ ಶುರುವಾಗುತ್ತದೆ. ರಾಗ ಸ್ಕಾಟ್ಲೆಂಡಿನ ‘ಆಲ್ಡ್ ಲ್ಯಾಂಗ್ ಸೈನ್’. ನಮ್ಮ ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ ಕೆಡೆಟ್‌ಗಳು ಹೊರಬೀಳುವ ಪರೇಡಿಗೂ ಅದೇ ರಾಗ ಬಾರಿಸುತ್ತಾರೆ. ಹಾಡಿ ನೋಡಿ, ಸ ರಿ ಗ ಪ ದ, ನಮ್ಮ ಮೋಹನದ ಐದೇ ಸ್ವರ. ಮ ಇಲ್ಲ, ನಿ ಇಲ್ಲ. ಜಪಾನೀಯರು ಇದಕ್ಕೆ ಯೊನಾನುಕಿ ಅನ್ನುತ್ತಾರೆ, ನಾಲ್ಕು ಏಳು ಬಿಟ್ಟದ್ದು. ಪರದೇಶದ ರಾಗ ಅಲ್ಲಿನವರ ಕಿವಿಗೆ ಅಷ್ಟು ಬೇಗ ಹೊಂದಿಕೊಂಡದ್ದು ಸುಮ್ನೆ ಅಲ್ಲ. ಇದಕ್ಕೆ ನಾಲ್ಕು ಚರಣಗಳಿದ್ದವು. ಕೊನೆಯ ಎರಡರಲ್ಲಿ ನಾಡು, ಗಡಿ, ಕಾವಲು, ಕುರಿಲ್ ದ್ವೀಪ, ಓಕಿನಾವಾ ಎಲ್ಲ ಬರುತ್ತವೆ. ಅಲ್ಲಿ ಹಾಡುವ ಬಾಯಿ ಮಕ್ಕಳದ್ದಾದರೂ ಮಾತು ಸರ್ಕಾರದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವನ್ನು ಕೈಬಿಟ್ಟರು. ಗೆಳೆಯರು ಗೆಳೆಯರಿಗೆ ಹೇಳುವ ಎರಡು ಚರಣ ಉಳಿದವು.

ಜಪಾನಿನಲ್ಲಿ ಅಂಗಡಿ ಬಾಗಿಲು ಹಾಕುವಾಗಲೂ ಈ ರಾಗ ಬರುತ್ತದೆ. ಬಂದ ಕೂಡಲೇ ಜನ ಬುಟ್ಟಿ ಹಿಡಿದು ಕ್ಯಾಷ್ ಕೌಂಟರ್ ಕಡೆ ಓಡುತ್ತಾರೆ. ನಾನೂ ಎಷ್ಟೋ ಸಲ ಮೊಸರಿನ ಡಬ್ಬಿ ಹಿಡಿದು ಓಡಿದ್ದೇನೆ. ಸರಿಯಾಗಿ ಕೇಳಿದರೆ ಅದು ಶಾಲೆಯ ಹಾಡಲ್ಲ. ಶಾಲೆಯದ್ದು ಚತುರಶ್ರ ನಡೆ, ನಾಲ್ಕರ ಎಣಿಕೆ. ಅಂಗಡಿಯದ್ದು ತಿಶ್ರ, ಮೂರರ ಎಣಿಕೆ. ‘ವಾಟರ್‌ಲೂ ಬ್ರಿಡ್ಜ್’ ಸಿನಿಮಾದಲ್ಲಿ ಇದೇ ರಾಗವನ್ನು ವಾಲ್ಟ್ಜ್ ಮಾಡಿದ್ದರು. ಅದನ್ನು ಕೊಸೆಕಿ ಯೂಜಿ ಅನ್ನುವ ಸಂಗೀತ ಸಂಯೋಜಕರು ಜಪಾನಿನ ರೆಕಾರ್ಡಿಗೆ ಹೊಂದಿಸಿದರು, ‘ವಕಾರೆ ನೊ ವಾರುತ್ಸು’, ಅಗಲಿಕೆಯ ವಾಲ್ಟ್ಜ್ ಅಂತ.

ಇನ್ನೊಂದು, 1884ರ ‘ಅಓಗೆಬಾ ತೋತೋಶಿ’. ಮಕ್ಕಳು ಗುರುಗಳಿಗೆ ಕೃತಜ್ಞತೆ ಹೇಳುವ ಹಾಡು. ಇದರ ರಾಗ ಎಲ್ಲಿಂದ ಬಂತು ಅಂತ ನೂರು ವರ್ಷಕ್ಕೂ ಜಾಸ್ತಿ ಕಾಲ ಯಾರಿಗೂ ಗೊತ್ತಿರಲಿಲ್ಲ. 2011ರಲ್ಲಿ ಸಕುರಾಯ್ ಮಾಸಾತೋ ಎನ್ನುವ ಪ್ರಾಧ್ಯಾಪಕರು 1871ರ ಒಂದು ಅಮೆರಿಕನ್ ಹಾಡಿನ ಪುಸ್ತಕದಲ್ಲಿ ಮೂಲ ಹಿಡಿದರು. ಅದರಲ್ಲಿ ಗುರುಗಳ ಮಾತೇ ಇಲ್ಲ! ಒಟ್ಟಿಗೆ ಓದಿದವರು ಒಬ್ಬರಿಗೊಬ್ಬರು ಹೋಗಿಬರುತ್ತೇವೆ ಅನ್ನುವ ಹಾಡು. ಸಮುದ್ರ ದಾಟುವಾಗ ಹಾಡು ಗೆಳೆಯರಿಂದ ಗುರುಗಳ ಕಡೆ ತಿರುಗಿತು. 107 ವರ್ಷ ಆದಮೇಲೆ ಚಿಚಿಬುವಿನಲ್ಲಿ ಮೇಷ್ಟ್ರುಗಳು ಮಕ್ಕಳ ಕಡೆ ತಿರುಗಿ ಹಾಡಿದರು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ಚೀಟಿ ಬಂದಿದೆ, ಹತ್ತು ನಿಮಿಷ ಅಂತೆ. ಸಿನಿಮಾ, ಟಿವಿ ಹಾಡುಗಳನ್ನು ಬೇಗ ಹೇಳಿಬಿಡುತ್ತೇನೆ. 1979ರ ‘ಒಕುರು ಕೊತೊಬಾ’ ನಿಮಗೆಲ್ಲ ಗೊತ್ತು, ಕಿಂಪಾಚಿ ಮೇಷ್ಟ್ರ ಧಾರಾವಾಹಿಯದ್ದು. ಮೂಲದಲ್ಲಿ ಅದು ಮುರಿದ ಪ್ರೀತಿಯ ಹಾಡು. ರೆಮಿಯೊರೊಮೆನ್ ಬ್ಯಾಂಡಿನ ‘ಸಾಂಗಾತ್ಸು ಕೊಕೊನೊಕಾ’ ಗೆಳೆಯನ ಮದುವೆಗೆ ಮಾಡಿದ್ದು. ಮಾರ್ಚ್ 9 ಅನ್ನುವ ಹೆಸರು, ಒಂದು ಧಾರಾವಾಹಿಯಲ್ಲಿ ಮಕ್ಕಳು ಹಾಡಿದ್ದು, ಇಷ್ಟು ಸಾಕಾಯಿತು ಶಾಲೆಗಳು ಅದನ್ನು ತಮ್ಮದು ಮಾಡಿಕೊಳ್ಳಲು. ಗಾಯಕಿ ಆಂಜೆಲಾ ಆಕಿ ಅವರ ‘ತೆಗಾಮಿ’, ಅಂದರೆ ಪತ್ರ, 2008ರಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಶಾಲಾ ಗಾಯನ ಸ್ಪರ್ಧೆಗೆ ಬಂದದ್ದು. ಅದರಲ್ಲಿ ಹದಿನೈದರ ಮಗು ಮುಂದಿನ ತನಗೇ ಪತ್ರ ಬರೆಯುತ್ತದೆ, ದೊಡ್ಡದಾದ ಮೇಲೆ ತಾನೇ ಉತ್ತರ ಕೊಡುತ್ತದೆ. ಚೆರ್ರಿ ಹೂವಿನ ಹಾಡುಗಳನ್ನು ಬಿಟ್ಟುಬಿಡುತ್ತೇನೆ, ಅವು ನಿಮ್ಮ ಮೊಬೈಲ್‌ನಲ್ಲೇ ಇವೆ.

ಆದರೆ ‘ಗುಂಜೋ’ ಬಿಡಲಾರೆ. ಫುಕುಶಿಮಾದ ಮಿನಾಮಿಸೋಮಾ ಊರಿನ ಒದಾಕಾ ಮಾಧ್ಯಮಿಕ ಶಾಲೆ. ಅಣುಸ್ಥಾವರದಿಂದ 20 ಕಿಲೋಮೀಟರ್ ಒಳಗಿತ್ತು. 2011ರ ಮಾರ್ಚ್‌ನಲ್ಲಿ ಮೊದಲ ವರ್ಷದ ತರಗತಿಗಳಲ್ಲಿ 106 ಮಕ್ಕಳಿದ್ದರು. ಇಬ್ಬರನ್ನು ಸುನಾಮಿ ತೆಗೆದುಕೊಂಡು ಹೋಯಿತು. ಸ್ಥಾವರದ ಅವಘಡದಿಂದ ಉಳಿದವರು ಊರು ಬಿಟ್ಟು ದೇಶದ ಮೂಲೆಮೂಲೆಗೆ ಚೆದುರಿದರು. ಬೇರೆ ಕಡೆ ಶಾಲೆ ಮತ್ತೆ ತೆರೆದಾಗ ಆ ಗುಂಪಿನಲ್ಲಿ ಇದ್ದದ್ದು ಏಳೇ ಮಕ್ಕಳು. ಅವರು ದೊಡ್ಡ ನಕ್ಷೆಯ ಮೇಲೆ ಗೆಳೆಯರ ಫೋಟೋ ಅಂಟಿಸುತ್ತಾ, ಇವನು ದೂರ ಹೋದ, ಆದರೂ ಆಕಾಶ ಒಂದೇ ಅಲ್ವಾ ಅಂತ ಮಾತಾಡಿಕೊಳ್ಳುತ್ತಿದ್ದರು. ಸಂಗೀತದ ಟೀಚರ್ ಒದಾ ಮಿಕಿ ಆ ಮಾತುಗಳನ್ನು ಬರೆದಿಟ್ಟುಕೊಂಡರು. ಅದೇ ಹಾಡಾಯಿತು. 2013ರ ಮಾರ್ಚ್‌ನಲ್ಲಿ ಅವರು ಅದನ್ನು ಹಾಡಿ ಶಾಲೆ ಮುಗಿಸಿದರು. ಯಾರು ಯಾರಿಗೆ ಹಾಡಿದರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಮಯ ಆಯಿತು. ನಿಮ್ಮ ಜಪಾನೀಸ್ ಕ್ಲಾಸಿನ ಹನ್ನೆರಡು ಮಕ್ಕಳು ‘ತಾಬಿದಾಚಿ ನೊ ಹಿ ನಿ’ಯ ಮೊದಲ ಚರಣ ಕಲಿತಿದ್ದಾರೆ, ಎರಡು ದನಿಯಲ್ಲಿ. ಮೂರು ವಾರದಿಂದ ಸಂಜೆ ಸಂಜೆ ಕೂತು ಕಲಿತದ್ದು. ಬನ್ನಿ ಮಕ್ಕಳೇ. ಆಲ್ಟೋದವರು ಎಡಗಡೆ. ಪಿಯಾನೋ ಇಲ್ಲ, ಹಾರ್ಮೋನಿಯಂ ಇದೆ. ಮೈಕ್ ತೆಗೆದುಬಿಡಿ, ಬೇಡ. ಮೇಷ್ಟ್ರೇ, ಶ್ರುತಿ ಕೊಡಿ.