ಜರ್ಮನಿಗೆ ಹೊರಡುವ ಮುನ್ನ: ತಾಯಿ ಕಾರ್ಡ್ ಹಿಡಿದು ಹಾಸನ ಸುತ್ತಿದ ದಿನ

ಎಲ್ಲರಿಗೂ ನಮಸ್ಕಾರ. ಈಗ ಕಾಣುತ್ತಿರುವುದು ಹಾಸನದ ಎನ್.ಆರ್. ವೃತ್ತ. ಮಳೆ ನಿಂತಿದೆ, ರಸ್ತೆ ಇನ್ನೂ ಒಣಗಿಲ್ಲ. ಸೂಟ್‌ಕೇಸ್ ಕೊಂಡದ್ದು, ಸಾಂಬಾರ್ ಪುಡಿ ಕುಟ್ಟಿಸಿದ್ದು ಹಿಂದಿನ ವಿಡಿಯೊದಲ್ಲಿ ಆಯಿತು. ಇವತ್ತಿನದು ಮಕ್ಕಳ ಲಸಿಕೆಯ ಕಾಗದದ ಕೆಲಸ. ಕೈಯಲ್ಲಿರುವ ಕವರಿನಲ್ಲಿ ಎರಡು ತಾಯಿ ಕಾರ್ಡ್‌ಗಳಿವೆ. ಒಂದು ಮಗಳದು, ಅವಳಿಗೆ ಐದು ವರ್ಷ. ಇನ್ನೊಂದು ಮಗನದು, ಅವನಿಗೆ ಹತ್ತು ತಿಂಗಳು.

ಹೊಸದಾಗಿ ನೋಡುತ್ತಿರುವವರಿಗೆ ಹೇಳಿಬಿಡುತ್ತೇನೆ: ನಮ್ಮ ಯಜಮಾನರಿಗೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ. ವೀಸಾಕ್ಕೆ ಮದುವೆ ಪತ್ರ, ಜನನ ಪತ್ರ ಎಲ್ಲವನ್ನೂ ಕೇಳಿದರು. ಲಸಿಕೆಯ ಬಗ್ಗೆ ಯಾರೂ ಒಂದು ಮಾತು ಎತ್ತಲಿಲ್ಲ. ಅದನ್ನು ಕೇಳುವವರು ಅಲ್ಲಿಯ ಶಿಶುವಿಹಾರದವರು. 2020ರ ಮಾರ್ಚ್ 1ರಿಂದ ಜರ್ಮನಿಯಲ್ಲಿ ದಡಾರ ತಡೆಯುವುದಕ್ಕಾಗಿಯೇ ಒಂದು ಕಾನೂನು ಜಾರಿಯಲ್ಲಿದೆ. ಒಂದು ವರ್ಷ ತುಂಬಿದ ಮಗುವಿಗೆ ದಡಾರದ ಒಂದು ಡೋಸ್, ಎರಡು ವರ್ಷ ತುಂಬಿದ ಮಗುವಿಗೆ ಎರಡು ಡೋಸ್ ಆಗಿದೆಯೆಂದು ಕಾಗದ ತೋರಿಸಬೇಕು, ಇಲ್ಲದಿದ್ದರೆ ಸೇರಿಸಿಕೊಳ್ಳುವುದಿಲ್ಲ. ಶಾಲೆಗೆ ಬಂದರೆ ಸ್ವಲ್ಪ ಬೇರೆ. ಅಲ್ಲಿ ಶಾಲೆಗೆ ಹೋಗುವುದು ಕಡ್ಡಾಯ, ಆದ್ದರಿಂದ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಆದರೆ ಆರೋಗ್ಯ ಕಚೇರಿಗೆ ವಿಷಯ ಹೋಗುತ್ತದೆ, ತಂದೆತಾಯಿಗೆ 2500 ಯೂರೊವರೆಗೆ ದಂಡ ಹಾಕಬಹುದು. ನಮ್ಮ ಲೆಕ್ಕದಲ್ಲಿ ಎರಡು ಲಕ್ಷ ರೂಪಾಯಿಗೂ ಮೇಲೆ!

ಇದನ್ನು ಮೊದಲು ಓದಿದಾಗ ನನಗೆ ಸಿಟ್ಟೇ ಬಂತು. ಬಡವರ ಮನೆಯವರಾದರೆ ಏನು ಮಾಡಬೇಕು? ಅಲ್ಲಿಯವರೇ ಕೆಲವರು ನ್ಯಾಯಾಲಯಕ್ಕೆ ಹೋಗಿದ್ದರು. 2022ರಲ್ಲಿ ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯ ಕಾನೂನನ್ನೇ ಎತ್ತಿಹಿಡಿಯಿತು. ಇದನ್ನು ಹೇಳಿಕೊಂಡು ನಾನು ಮನೆಯಲ್ಲಿ ಗೊಣಗುತ್ತಿದ್ದಾಗ ನಮ್ಮ ಅತ್ತೆ ಸುಮ್ಮನೆ ಕೇಳಿಸಿಕೊಂಡು, ‘ನನ್ನ ತಮ್ಮ ಹೋದದ್ದು ದಡಾರದಲ್ಲೇ ಕಣಮ್ಮ, ಬೇವಿನ ಸೊಪ್ಪು ಹಾಸಿ ಮಲಗಿಸಿದ್ದರು, ಎದ್ದೇಳಲಿಲ್ಲ’ ಎಂದರು. ಮದುವೆಯಾಗಿ ಇಷ್ಟು ವರ್ಷವಾದರೂ ಆ ತಮ್ಮನ ಸುದ್ದಿ ನನಗೆ ಗೊತ್ತಿರಲಿಲ್ಲ. ದಡಾರದ ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ಸೋಂಕು ಉಳಿದಿರಬಹುದು. ಲಸಿಕೆಯ ವಯಸ್ಸೇ ಆಗದ ಹಸುಗೂಸನ್ನು ಅಲ್ಲಿ ಕೂರಿಸಿದರೆ ಅದನ್ನು ಕಾಯುವವರು ಯಾರು? ಈಗ ನನ್ನ ಅಭಿಪ್ರಾಯ ಬದಲಾಗಿದೆ. ಕಾನೂನು ಸರಿಯಾಗಿದೆ. ದಂಡ ಮಾತ್ರ ಜಾಸ್ತಿಯಾಯಿತು ಎಂದು ಇನ್ನೂ ಅನಿಸುತ್ತದೆ.

ಇದು ಬಿ.ಎಂ. ರಸ್ತೆ. ಈ ಮೆಟ್ಟಿಲು ಹತ್ತಿದರೆ ಭಾಷಾಂತರ ಮಾಡಿಕೊಡುವ ಅಂಗಡಿ. ಹೆಸರು ಹೇಳುವುದಿಲ್ಲ. ಪುಟಕ್ಕೆ 800 ರೂಪಾಯಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ವಿದೇಶಕ್ಕೆ ಹೊರಟ ಪ್ರತಿಯೊಂದು ಮನೆಯವರಿಗೂ ಇದು ಬೇಕು.

ಪರದೆಯ ಮೇಲೆ ಮಗಳ ಕಾರ್ಡ್ ಇದೆ. ಅವಳ ಹೆಸರನ್ನು ಮಸುಕು ಮಾಡಿದ್ದೇನೆ. ಮೇಲಿನ ಸಾಲಿನಲ್ಲಿ ಡಿಪಿಟಿ ಬೂಸ್ಟರ್, ಅದರ ಮುಂದೆ 03/02/2022. ಕೆಳಗಿನ ಸಾಲಿನಲ್ಲಿ ಎಂ.ಆರ್., ಅಂದರೆ ದಡಾರ-ರುಬೆಲ್ಲಾ ಲಸಿಕೆಯ ಎರಡನೇ ಡೋಸ್, ಅದರ ಮುಂದೆ ಎರಡು ಚಿಕ್ಕ ಗೀಟು. ಮೇಲಿನ ದಿನಾಂಕವೇ ಇದಕ್ಕೂ ಎಂದು ಅದರ ಅರ್ಥ. ನಾವೆಲ್ಲ ಶಾಲೆಯ ಪುಸ್ತಕದಲ್ಲಿ ಹಾಗೇ ಬರೆದು ಬೆಳೆದವರು. ಅಂಗಡಿಯವರು ಅದನ್ನು ಹನ್ನೊಂದು ಎಂದು ಓದಿಕೊಂಡು ದಿನಾಂಕದ ಕಾಲಂನಲ್ಲಿ 11 ಎಂದು ಟೈಪ್ ಮಾಡಿ, ಮೊಹರು ಹಾಕಿ, ಕವರಿಗೆ ಹಾಕಿ ಕೊಟ್ಟರು. ತಿಂಗಳಿಲ್ಲ, ವರ್ಷವಿಲ್ಲ. ಜರ್ಮನಿಯವರು ಕೇಳುವ ಎರಡು ಡೋಸ್‌ಗಳಲ್ಲಿ ಒಂದು ಹೀಗೆ ಕಾಗದದ ಮೇಲಿಂದ ಮಾಯವಾಯಿತು. ತಿದ್ದಿಕೊಡಿ ಎಂದರೆ, ‘ಮೂಲದಲ್ಲಿ ಇಲ್ಲದ್ದನ್ನು ನಾವು ಬರೆಯುವುದಿಲ್ಲ, ಮೊಹರಿಗೆ ನಾವು ಜವಾಬ್ದಾರರು’ ಎಂದರು. ಆಗ ಬಹಳ ಕೋಪ ಬಂತು. ಮೂಲದಲ್ಲಿ ಹನ್ನೊಂದು ಮಾತ್ರ ಎಲ್ಲಿತ್ತು? ಮೂಲ ಸರಿಪಡಿಸಿಕೊಂಡು ತಂದರೂ ಹೊಸ ಪುಟವೆಂದು ಮತ್ತೆ 800 ಕೊಡಬೇಕಂತೆ. ಇದು ಅನ್ಯಾಯ, ಅವರ ಮುಖಕ್ಕೇ ಹೇಳಿ ಬಂದೆ.

ಅಲ್ಲಿಂದ ಆಲೂರು ಕಡೆಯ ಬಸ್. ಕಿಟಕಿಯಾಚೆ ಕಾಣುತ್ತಿರುವುದು ಆಲೂಗಡ್ಡೆ ಹೊಲ, ಈ ಸಲ ಮಳೆ ಹೆಚ್ಚಾಗಿ ಅಂಗಮಾರಿ ರೋಗ ಬಿದ್ದಿದೆ ಎಂದು ಪಕ್ಕದ ಸೀಟಿನ ಅಜ್ಜ ದಾರಿಯುದ್ದಕ್ಕೂ ಹೇಳಿದರು. ಬಿತ್ತನೆ ಗಡ್ಡೆಯ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಸರಿ, ಇಳಿಯುವ ನಿಲ್ದಾಣ ಬಂತು.

ಇದು ನಮ್ಮ ಊರಿನ ಆರೋಗ್ಯ ಕೇಂದ್ರ. ಲಸಿಕೆ ಹಾಕುವ ಅಕ್ಕನವರು ಮುಖ ತೋರಿಸುವುದು ಬೇಡ ಎಂದರು, ಆದ್ದರಿಂದ ಕೈಗಳನ್ನು ಮಾತ್ರ ತೆಗೆದಿದ್ದೇನೆ. ಆ ದಪ್ಪ ಪುಸ್ತಕವೇ ಲಸಿಕೆಯ ರಿಜಿಸ್ಟರ್. 2022ರದ್ದನ್ನು ಕಪಾಟಿನ ಕೆಳಗಿನಿಂದ ಎಳೆದು ತೆಗೆದರು. ನೋಡಿ, ನೀಲಿ ಶಾಯಿಯಲ್ಲಿ ಮಗಳ ಸಾಲು: ಡಿಪಿಟಿ, ಪೋಲಿಯೊ ಹನಿ, ಎಂ.ಆರ್., ಮೂರೂ ಫೆಬ್ರವರಿ 3ರ ಗುರುವಾರ. ಕಾರ್ಡಿನಲ್ಲಿ ಗೀಟಿನ ಜಾಗದಲ್ಲಿ ದಿನಾಂಕ ಬರೆದು, ಸಹಿ ಹಾಕಿ, ವೈದ್ಯಾಧಿಕಾರಿಗಳ ಮೊಹರು ಹಾಕಿಸಿಕೊಟ್ಟರು. ಒಂದು ರೂಪಾಯಿ ಮುಟ್ಟಲಿಲ್ಲ. ಮಗಳಿಗೆ ಎಂ.ಆರ್. ಮೊದಲ ಡೋಸ್ ಆದದ್ದು 2021ರ ಮೇ 6ರಂದು. ಆಗ ಕೊರೊನಾ ಎರಡನೇ ಅಲೆ, ಬಸ್ ಇಲ್ಲ, ಅಂಗಡಿ ಇಲ್ಲ. ಆ ವಾರವೂ ಇದೇ ಅಕ್ಕ ಲಸಿಕೆಯ ಡಬ್ಬಿ ಹಿಡಿದು ಅಂಗನವಾಡಿಗೆ ಬಂದಿದ್ದರು. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಕರೆದಿದ್ದರು. ಇವರಿಗೆ ನಾನು ಎಷ್ಟು ಕೈಮುಗಿದರೂ ಕಡಿಮೆ. ನಮ್ಮ ಹಳ್ಳಿಗಳಲ್ಲಿ ಚುಚ್ಚುಮದ್ದು ಸರಿಯಾಗಿಯೇ ಬೀಳುತ್ತದೆ. ಸೋರಿಹೋಗುವುದು ಕಾಗದದಲ್ಲಿ. ಕಾರ್ಡ್ ಕೈಗೆ ಬಂದ ಕೂಡಲೇ, ಅಲ್ಲೇ ನಿಂತು, ಪ್ರತಿಯೊಂದು ಸಾಲಿಗೂ ದಿನಾಂಕ ಇದೆಯೇ ಎಂದು ನೋಡಿಸಿಕೊಳ್ಳಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ದಿನಾಂಕದ ಮಾತು ಬಂತು, ಅಮೆರಿಕಕ್ಕೆ ಹೋಗುವವರು ಇದನ್ನು ಕೇಳಿ. 06/05 ಎಂದು ಬರೆದರೆ ಅಲ್ಲಿ ಅದು ಜೂನ್ 5 ಆಗುತ್ತದೆ. ಭಾಷಾಂತರದಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಸಿ. ‘ಪೆಂಟಾ’ ಎಂದಷ್ಟೇ ಬಿಡಬೇಡಿ, ಅದರೊಳಗಿನ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಐದನ್ನೂ ಬಿಡಿಸಿ ಬರೆಸಿ, ಏಕೆಂದರೆ ಅಲ್ಲಿ ಒಂದೊಂದನ್ನೂ ಪ್ರತ್ಯೇಕವಾಗಿ ಹುಡುಕುತ್ತಾರೆ. ಇನ್ನೊಂದು: ನಮ್ಮಲ್ಲಿ ಒಂಬತ್ತು ತಿಂಗಳಿಗೆ ಕೊಡುವ ದಡಾರದ ಡೋಸನ್ನು ಅಮೆರಿಕದ ಶಾಲೆಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮೊದಲ ಹುಟ್ಟುಹಬ್ಬ ಕಳೆದ ಮೇಲೆ ಕೊಟ್ಟದ್ದಷ್ಟೇ ಲೆಕ್ಕ. ನನ್ನ ತಂಗಿ ನ್ಯೂಜೆರ್ಸಿಗೆ ಹೋದಾಗ ಅವಳ ಮಗನಿಗೆ ಮತ್ತೊಂದು ಚುಚ್ಚಿದರು. ನಮ್ಮವರು ತಪ್ಪು ಮಾಡಿದ್ದಾರೆಂದು ಅವಳು ಅತ್ತಳು. ತಪ್ಪಲ್ಲ. ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ಮೈಯಲ್ಲಿದ್ದರೆ ಲಸಿಕೆ ಪೂರ್ತಿ ಹಿಡಿಯದೆ ಹೋಗಬಹುದು, ಅದಕ್ಕೆ ಅವರು ಕಾಯುತ್ತಾರೆ. ನಮ್ಮಲ್ಲಿ ರೋಗದ ಭಯ ಹೆಚ್ಚು, ಕಾದು ಕೂರಲು ಆಗುವುದಿಲ್ಲ, ಅದಕ್ಕೆ ಬೇಗ ಕೊಟ್ಟು ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಕೊಡುತ್ತಾರೆ. ಕಾರ್ಡ್ ಕಳೆದುಹೋಗಿ ದಡಾರದ ಡೋಸ್ ಮತ್ತೆ ಹಾಕಿಸಬೇಕಾಗಿ ಬಂದರೂ ಹೆದರಬೇಕಿಲ್ಲ, ಮತ್ತೊಂದು ಡೋಸ್‌ನಿಂದ ಮಗುವಿಗೆ ಹಾನಿಯಿಲ್ಲ. ಬಾಯಿಮಾತನ್ನು ಮಾತ್ರ ಯಾರೂ ನಂಬುವುದಿಲ್ಲ.

ಎಡತೋಳಿನ ಮೇಲಿನ ಬಿಸಿಜಿ, ಅಂದರೆ ಕ್ಷಯದ ಲಸಿಕೆಯ ಗುರುತು ನೋಡಿ, ನಮ್ಮೆಲ್ಲರಿಗೂ ಇದೆ. ಜರ್ಮನಿಯಲ್ಲಿ 1998ರಿಂದ ಅದನ್ನು ಶಿಫಾರಸು ಮಾಡುವುದಿಲ್ಲ. ಆದ್ದರಿಂದ ಅಲ್ಲಿ ಯಾರಾದರೂ ಇದೇನು ಗಾಯ ಎಂದರೆ ಗಾಬರಿಯಾಗಬೇಡಿ. ಬಿಸಿಜಿ ಹಾಕಿಸಿಕೊಂಡವರಿಗೆ ಚರ್ಮದ ಮೇಲೆ ಮಾಡುವ ಕ್ಷಯ ಪರೀಕ್ಷೆ ರೋಗವಿಲ್ಲದೆಯೂ ಪಾಸಿಟಿವ್ ಬರಬಹುದು. ರಕ್ತ ಪರೀಕ್ಷೆ ಮಾಡಿ ಎಂದು ಕೇಳಿ, ಅದರ ಮೇಲೆ ಬಿಸಿಜಿಯ ಪ್ರಭಾವ ಇರುವುದಿಲ್ಲ.

ಈಗ ಸಂಜೆ, ಮಕ್ಕಳ ವೈದ್ಯರ ಕ್ಲಿನಿಕ್. ಸರ್ಕಾರಿ ಪಟ್ಟಿಯ ಎಂ.ಆರ್.ನಲ್ಲಿ ದಡಾರ, ರುಬೆಲ್ಲಾ ಇವೆ, ಮಂಗಬಾವು ಇಲ್ಲ. ಸೀತಾಳೆ ಸಿಡುಬಿನ ಲಸಿಕೆಯೂ ಆ ಪಟ್ಟಿಯಲ್ಲಿಲ್ಲ. ಜರ್ಮನಿಯ ಕಾನೂನು ಕೇಳುವುದು ದಡಾರ ಒಂದನ್ನೇ, ಎಂ.ಆರ್. ಅದಕ್ಕೆ ಸಾಕು. ಆದರೂ ಅಲ್ಲಿ ಶಿಫಾರಸು ಮಾಡುವುದನ್ನು ಮಗಳಿಗೆ ಹಾಕಿಸಿಕೊಂಡೇ ಹೋಗೋಣ ಎಂದು ನನ್ನ ಹಟ. ಕೌಂಟರಿನಲ್ಲಿದ್ದ ಹುಡುಗಿ, ‘ಎಂ.ಎಂ.ಆರ್. (ಮಂಗಬಾವೂ ಸೇರಿದ ಲಸಿಕೆ) ಇವತ್ತೇ ಇದೆ, ಸಿಡುಬಿನದು ಮುಂದಿನ ವಾರ ಬರುತ್ತದೆ, ಆಗ ಬನ್ನಿ’ ಎಂದಳು. ಒಳಗೆ ಹೋದರೆ ಡಾಕ್ಟರ್ ಒಪ್ಪಲಿಲ್ಲ. ಎರಡೂ ಜೀವಂತ ಲಸಿಕೆಗಳು, ಒಂದೇ ದಿನ ಕೊಡಬಹುದು. ಇಲ್ಲವೆಂದರೆ ನಡುವೆ 4 ವಾರ ಬಿಡಲೇಬೇಕು. ನಮ್ಮ ಟಿಕೆಟ್ ಅದಕ್ಕಿಂತ ಮೊದಲೇ ಇದೆ. ದಿನಾಂಕ ನಿಗದಿ ಮಾಡಿದ್ದು ಯಜಮಾನರ ಕಂಪನಿ, ನಾವು ಕದಲಿಸುವಂತಿಲ್ಲ. ಆದ್ದರಿಂದ ಮುಂದಿನ ವಾರ ಎರಡನ್ನೂ ಒಟ್ಟಿಗೆ ಹಾಕಿಸುತ್ತೇವೆ. ಸಿಡುಬಿನ ಎರಡನೇ ಡೋಸ್‌ಗೆ ಮೂರು ತಿಂಗಳ ಅಂತರ ಬೇಕು, ಅದು ಅಲ್ಲಿಗೆ ಹೋದ ಮೇಲೆ. ಮಗನಿಗೆ ಒಂಬತ್ತು ತಿಂಗಳ ಡೋಸ್ ಆಗಿದೆ. ಎರಡನೆಯದನ್ನು ಅವನಿಗೆ ವರ್ಷ ತುಂಬಿದ ಮೇಲೆ ಅಲ್ಲಿಯ ವೈದ್ಯರ ಬಳಿ ಕೇಳುತ್ತೇನೆ.

ಅಂಗಡಿಯವರು ಹೊಸ ಪುಟಕ್ಕೆ ಕೊನೆಗೆ 400ಕ್ಕೆ ಒಪ್ಪಿದ್ದಾರೆ, ಏಳು ಗಂಟೆಯೊಳಗೆ ಬಂದರೆ ಇವತ್ತೇ ಕೊಡುತ್ತಾರಂತೆ. ಆಟೊ ಬಂತು, ಹೊರಟೆ. ಚುಚ್ಚುಮದ್ದಿನ ದಿನದ ವಿಡಿಯೊ ಮುಂದಿನ ವಾರ ಹಾಕುತ್ತೇನೆ.