ಚಿತ್ರದಲ್ಲಿ ಕಡಲ ಅಂಚು ಹುಡುಕುವುದು

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರವಾರದ ಉಪಗ್ರಹ ಚಿತ್ರವೊಂದನ್ನು ಕಂಪ್ಯೂಟರಿನಲ್ಲಿ ತೆರೆದಿದ್ದೀರಿ ಅಂದುಕೊಳ್ಳಿ. ಕಾಳಿ ನದಿ ಕಡಲು ಸೇರುವ ಜಾಗ. ಉತ್ತರಕ್ಕೆ ಸದಾಶಿವಗಡ, ದೇವಬಾಗ. ದಕ್ಷಿಣಕ್ಕೆ ಟಾಗೋರ್ ಕಡಲತೀರ. ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅಂತ ನಮಗೆ ಥಟ್ಟನೆ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಹಾಗಲ್ಲ. ಅದರ ಪಾಲಿಗೆ ಚಿತ್ರವೆಂದರೆ ಬರೀ ಅಂಕಿಗಳು, ಪಿಕ್ಸೆಲ್ ಎಂಬ ಪ್ರತಿ ಪುಟ್ಟ ಚುಕ್ಕೆಗೂ ಒಂದೊಂದು ಅಂಕಿ. ಸಾಮಾನ್ಯ ಕಪ್ಪು ಬಿಳುಪು ಚಿತ್ರದಲ್ಲಿ ಸೊನ್ನೆ ಅಂದರೆ ಕಪ್ಪು, 255 ಅಂದರೆ ಬಿಳಿ.

ಪಕ್ಕಪಕ್ಕದ ಅಂಕಿಗಳು ಎಲ್ಲಿ ಒಮ್ಮೆಲೇ ಬದಲಾಗುತ್ತವೋ ಅಲ್ಲಿ ಅಂಚು. ಅಂಚು ಹುಡುಕುವ ಫಿಲ್ಟರ್, ಅಂದರೆ ಆ ಅಂಕಿಗಳ ಮೇಲೆ ಮಾಡುವ ಒಂದು ಲೆಕ್ಕ, ನೋಡುವುದು ಇಷ್ಟನ್ನೇ. 1968ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಸೋಬೆಲ್ ಫಿಲ್ಟರ್ ಪ್ರತಿ ಪಿಕ್ಸೆಲ್ ಸುತ್ತ ಒಂಬತ್ತು ಮನೆಯ ಚೌಕ ಇಡುತ್ತದೆ. ಬಲಗಡೆಯ ಅಂಕಿಗಳಿಂದ ಎಡಗಡೆಯವನ್ನು ಕಳೆಯುತ್ತದೆ, ಕೆಳಗಿನವುಗಳಿಂದ ಮೇಲಿನವನ್ನು ಕಳೆಯುತ್ತದೆ. ಹೀಗೆ ಕಳೆಯುವಾಗ ಎಡ, ಬಲ, ಮೇಲು, ಕೆಳಗಿನ ಪ್ರತಿ ಸಾಲಿನ ನಡುವಿನ ಅಂಕಿಗೆ ಎರಡು ಪಟ್ಟು ತೂಕ.

ತೊಂದರೆ ಬರುವುದು ನಮ್ಮ ಕಡಲಿನಲ್ಲೇ. ಅಲೆಯ ನೊರೆಯೂ ಅಂಚು, ಒದ್ದೆ ಮರಳು ಒಣ ಮರಳು ಸೇರುವಲ್ಲೂ ಅಂಚು, ದೋಣಿ ಹೋದ ದಾರಿಯೂ ಅಂಚು! 1986ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಾನ್ ಕ್ಯಾನಿ ಕೊಟ್ಟ ವಿಧಾನ ಇಲ್ಲಿ ಬಹಳ ನೆರವಾಗುತ್ತದೆ. ಅದು ಮೊದಲು ಚಿತ್ರವನ್ನು ಸ್ವಲ್ಪ ಮಸುಕು ಮಾಡುತ್ತದೆ, ಸಣ್ಣಪುಟ್ಟ ಗದ್ದಲ, ಅಂದರೆ ಅಂಕಿಗಳ ಬೇಡದ ಏರುಪೇರು, ಅಡಗುತ್ತದೆ. ದಪ್ಪ ಅಂಚನ್ನು ತೆಳು ಗೆರೆಗೆ ಇಳಿಸುತ್ತದೆ. ಆಮೇಲೆ, ಅಂಕಿಗಳು ಎಷ್ಟು ಬದಲಾದರೆ ಅಂಚು ಅನ್ನುವುದಕ್ಕೆ ಎರಡು ಮಿತಿ. ಮೇಲಿನ ಮಿತಿ ದಾಟಿದ ಅಂಚು ಉಳಿಯುತ್ತದೆ. ಎರಡರ ನಡುವಿನದು, ಗಟ್ಟಿ ಅಂಚಿಗೆ ಅಂಟಿಕೊಂಡಿದ್ದರೆ ಮಾತ್ರ ಉಳಿಯುತ್ತದೆ. ಆದರೆ ಆ ಮಿತಿಗಳನ್ನು ಇಡುವವರು ನಾವು. ಮಿತಿ ಬದಲಾದರೆ ಗೆರೆಯೂ ಬದಲಾಗುತ್ತದೆ.

ಅದಕ್ಕೇ ಓವರ್‌ಲೇ ಬೇಕು ಅಂತ ನಾನು ಒತ್ತಿ ಹೇಳುವುದು. ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ ಗೆರೆ ಎಳೆದ ಹಾಗೆ, ಅಂಚಿನ ಗೆರೆ ಚಿತ್ರದ ಮೇಲೆ ಬೇರೆಯಾಗಿ ಕೂರುತ್ತದೆ. ಕೆಳಗಿನ ಒಂದು ಪಿಕ್ಸೆಲ್ಲೂ ಬದಲಾಗುವುದಿಲ್ಲ. ಬೇಕಾದಾಗ ಗೆರೆ ತೆಗೆದು ಅಡಿಯಲ್ಲಿ ನಿಜಕ್ಕೂ ಏನಿದೆ ಅಂತ ನೋಡಬಹುದು, ಅಲ್ವಾ? ಇಮೇಜ್‌ಜೆ, ಕ್ಯೂಜಿಐಎಸ್ ಎರಡೂ ಉಚಿತ ತಂತ್ರಾಂಶಗಳು, ಎರಡರಲ್ಲೂ ಇದು ಸಾಧ್ಯ. ಜೆಪೆಗ್ ಮಾಡಿ ಉಳಿಸಿದರೆ ಮಾತ್ರ ಗೆರೆ ಚಿತ್ರದೊಳಗೇ ಬೆರೆತುಹೋಗುತ್ತದೆ. ಮತ್ತೆ ಬಿಡಿಸಲು ಆಗುವುದಿಲ್ಲ.

ಇನ್ನೊಂದು ಮಾತು. ಕಡಲ ಅಂಚು ಹುಡುಕಲು ಬಣ್ಣದ ಚಿತ್ರಕ್ಕಿಂತ ಇನ್‌ಫ್ರಾರೆಡ್ ಚಿತ್ರ, ಅಂದರೆ ನಮ್ಮ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕಿನಲ್ಲಿ ತೆಗೆದ ಚಿತ್ರ, ವಾಸಿ. ಆ ಬೆಳಕನ್ನು ನೀರು ಹೀರಿಕೊಳ್ಳುವುದರಿಂದ ಕಡಲು ಕಪ್ಪಗೆ, ಮರಳು ಮತ್ತು ಗಿಡಮರ ಬೆಳ್ಳಗೆ ಕಾಣುತ್ತವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಇಂಥ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಅದರಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್. ಹಾಗಾಗಿ ಎರಡು ಗೆರೆ ನೋಡಿ ತೀರ ಮೂರು ಮೀಟರ್ ಕೊರೆದಿದೆ ಅಂತ ಸುಮ್ನೆ ಹೇಳಬೇಡಿ. ಉಪಗ್ರಹ ಬರುವುದು ಬೆಳಿಗ್ಗೆ ಹನ್ನೊಂದರ ಆಸುಪಾಸಿಗೆ. ಕಡಲಿನ ಉಬ್ಬರ ಇಳಿತ ಆ ಹೊತ್ತಿಗೆ ದಿನಕ್ಕೊಂದು ರೀತಿ ಇರುತ್ತದೆ. ಎರಡು ವರ್ಷದ ಗೆರೆಗಳನ್ನು ಒಂದರ ಮೇಲೊಂದು ಇಡುವಾಗ, ನೀರಿನ ಮಟ್ಟ ಹೆಚ್ಚುಕಡಿಮೆ ಒಂದೇ ಇದ್ದ ದಿನಗಳನ್ನು ಆರಿಸಿಕೊಳ್ಳಿ. ಓವರ್‌ಲೇಗೆ ಹೆಸರು ಕೊಡುವಾಗಲೇ ತಾರೀಕು, ಹೊತ್ತು, ಇಟ್ಟ ಮಿತಿ ಮೂರನ್ನೂ ಬರೆದುಬಿಡಿ.

ನಮಸ್ಕಾರ.