ಬಾಟಲಿ ತಿರುಗಿಸಿ, ಆ ಸಾಲು ಓದಿ

ಕೇಳುಗರೇ, ನಮಸ್ಕಾರ.

ಕಫದ ಸಿರಪ್ ಇಲ್ಲದ ಮನೆ ಕಡಿಮೆ. ಫ್ರಿಡ್ಜಿನ ಮೇಲೋ, ಗೂಡಿನಲ್ಲೋ, ಸಕ್ಕರೆ ಪಾಕಕ್ಕೆ ಮುಚ್ಚಳ ಅಂಟಿಕೊಂಡ ಬಾಟಲಿಯೊಂದು ಇರುತ್ತದೆ. ಅದನ್ನು ಈಗಲೇ ತೆಗೆದುಕೊಳ್ಳಿ. ತಿರುಗಿಸಿ. ‘ಪ್ರತಿ 5 ಮಿ.ಲೀ.ನಲ್ಲಿ’ ಎಂದು ಶುರುವಾಗುವ ಸಣ್ಣ ಅಕ್ಷರದ ಸಾಲು ಕಾಣುತ್ತದೆ. ಇವತ್ತು ನಾನು ಕೇಳಿಕೊಳ್ಳುವುದು ಇಷ್ಟೇ: ಆ ಸಾಲು ಓದಿ. ಇಂಗ್ಲಿಷ್ ಬಾರದಿದ್ದರೆ ಔಷಧಿ ಅಂಗಡಿಯವರಿಂದಲೇ ಓದಿಸಿ. ಸಂಕೋಚ ಬೇಡ.

ಯಾಕೆಂದರೆ ಒಂದೇ ಬಾಟಲಿಯಲ್ಲಿ ಮೂರು ನಾಲ್ಕು ಔಷಧಿ ಸೇರಿರುತ್ತವೆ. ಗ್ವೈಫೆನೆಸಿನ್ ಕಫವನ್ನು ತೆಳುಮಾಡುತ್ತದೆ. ಕೆಲವರಿಗೆ ವಾಕರಿಕೆ, ತಲೆಸುತ್ತು ತರುತ್ತದೆ. ಕಫ ಕರಗಿಸುವ ಬ್ರೋಮ್‌ಹೆಕ್ಸಿನ್‌ನ ಮೂಲ ನಮ್ಮ ಬೇಲಿಯ ಆಡುಸೋಗೆಯಲ್ಲಿರುವ ವ್ಯಾಸಿಸಿನ್ ಎಂಬ ಸತ್ವ. ಹಾಗಂತ ಅದು ಮನೆಮದ್ದಲ್ಲ. ಹೊಟ್ಟೆಹುಣ್ಣು ಇದ್ದವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಮೂರನೆಯದೇ ಜನ ಗಮನಿಸದೆ ಬಿಡುವುದು: ಟರ್ಬುಟಲಿನ್ ಅಥವಾ ಲೆವೊಸಾಲ್ಬುಟಮಾಲ್. ಇವು ಕಫ ಕರಗಿಸುವುದಿಲ್ಲ, ಉಸಿರುನಾಳ ಹಿಗ್ಗಿಸುತ್ತವೆ. ಒಂದು ಮನೆಯನ್ನು ಕಣ್ಮುಂದೆ ತಂದುಕೊಳ್ಳಿ. ಅರವತ್ತೈದರ ಅಜ್ಜ, ನಾಲ್ಕು ದಿನದಿಂದ ಕೆಮ್ಮು. ವೈದ್ಯರು ಹೇಳಿದ್ದು 10 ಮಿ.ಲೀ., ದಿನಕ್ಕೆ ಮೂರು ಸಲ. ಮುಚ್ಚಳದ ಅಳತೆ ಕಳೆದುಹೋಗಿದೆ, ಅಡುಗೆಮನೆಯ ದೊಡ್ಡ ಚಮಚ ಬಂತು. ಅದು 15 ಮಿ.ಲೀ. ಹಿಡಿಯುತ್ತದೆ. ರಾತ್ರಿ ಕೆಮ್ಮು ಜಾಸ್ತಿಯಾಯಿತೆಂದು ನಾಲ್ಕನೇ ಸಲವೂ ಕುಡಿದರು. 30 ಮಿ.ಲೀ. ಇರಬೇಕಾದದ್ದು 60 ಆಯಿತು. 5 ಮಿ.ಲೀ.ಗೆ 1.25 ಮಿ.ಗ್ರಾಂ. ಟರ್ಬುಟಲಿನ್ ಇದ್ದರೆ ಒಟ್ಟು 15 ಮಿ.ಗ್ರಾಂ., ಅಂದರೆ ದೊಡ್ಡವರ ದಿನದ ಗರಿಷ್ಠ ಮಿತಿ. ಸಾಲದ್ದಕ್ಕೆ ಅಜ್ಜನಿಗೆ ಆಸ್ತಮಾ. ಅದೇ ಜಾತಿಯ ಔಷಧಿಯ ಇನ್‌ಹೇಲರ್ ಬೇರೆ ಎಳೆಯುತ್ತಾರೆ. ಬೆಳಿಗ್ಗೆ ಕಾಫಿ ಲೋಟ ಹಿಡಿದರೆ ಕೈ ನಡುಗಿ ತಟ್ಟೆಗೆ ಚೆಲ್ಲುತ್ತದೆ. ಎದೆ ಡವಡವ. ಮನೆಯವರಿಗೆ ಹೃದಯದ ತೊಂದರೆಯೇನೋ ಎಂಬ ದಿಗಿಲು. ಆ ಔಷಧಿ ಹೃದಯದ ಬಡಿತ ಹೆಚ್ಚಿಸುತ್ತದೆ, ಸ್ನಾಯು ನಡುಗಿಸುತ್ತದೆ, ರಕ್ತದ ಸಕ್ಕರೆ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಎಲ್ಲದರ ಸುಳಿವೂ ಬಾಟಲಿಯ ಹಿಂದೆ ಅಚ್ಚಾಗಿತ್ತು. ಯಾರೂ ಓದಲಿಲ್ಲ! ಹೃದ್ರೋಗ, ಥೈರಾಯ್ಡ್, ಸಕ್ಕರೆ ಕಾಯಿಲೆ ಇರುವವರು ದಯವಿಟ್ಟು ಆ ಸಾಲು ಓದಿಸಿ. ಎದೆನೋವು, ಉಸಿರುಕಟ್ಟು ಇದ್ದರಂತೂ ಸಿರಪ್‌ನಿಂದಲೇ ಇರಬೇಕೆಂದು ಕಾಯದೆ ಆಸ್ಪತ್ರೆಗೆ ಹೋಗಿ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಡೈಫೆನ್‌ಹೈಡ್ರಮಿನ್, ಕ್ಲೋರ್ಫೆನಿರಮಿನ್ ಎಂದಿದ್ದರೆ ನಿದ್ದೆ ತೂಗುತ್ತದೆ: ಬೈಕು, ಟ್ರ್ಯಾಕ್ಟರ್, ಮದ್ಯ ಬೇಡ. ಪ್ರಾಸ್ಟೇಟ್ ಊದಿದ ಗಂಡಸರಿಗೆ ಮೂತ್ರ ಕಟ್ಟಬಹುದು. ಮಕ್ಕಳ ವಿಷಯದಲ್ಲಿ ಅಂದಾಜು ಬೇಡವೇ ಬೇಡ. ಎರಡು ವರ್ಷದೊಳಗಿನವರಿಗೆ ಕೆಮ್ಮು, ಶೀತದ ಸಿರಪ್ ಕೊಡಲೇಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು ಎಂದು 2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವೇ ಸೂಚಿಸಿದೆ. ದೊಡ್ಡವರ ಬಾಟಲಿಯಿಂದ ಅರ್ಧ ಚಮಚ ಹಾಕುವ ಅಭ್ಯಾಸ ಇವತ್ತೇ ಬಿಡಿ.

ಬ್ರೋಮ್‌ಹೆಕ್ಸಿನ್ ಅಥವಾ ಅದರದೇ ಜಾತಿಯ ಆಂಬ್ರಾಕ್ಸಾಲ್ ಕುಡಿದ ಮೇಲೆ ಮೈಮೇಲೆ ಗುಳ್ಳೆ ಎದ್ದರೆ, ಬಾಯಲ್ಲಿ ಹುಣ್ಣಾದರೆ, ಮುಖ ಊದಿದರೆ ಇನ್ನೊಂದು ಹನಿಯೂ ಬೇಡ. ಇಂಥದ್ದು ಅಪರೂಪ, ಆದರೆ ತಡಮಾಡುವಂಥದ್ದಲ್ಲ. ತಕ್ಷಣ ಆಸ್ಪತ್ರೆಗೆ ಹೊರಡಿ, ಬಾಟಲಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ. ವೈದ್ಯರು ಮೊದಲು ತಿರುಗಿಸಿ ನೋಡುವುದು ಆ ಸಾಲನ್ನೇ.